ಕೇಸು ಸೋತ ಮೇಲಿನ ವಾದ

ಕೊಲೆ ಆರೋಪಿಯ ಪರ ನಿಂತ ವಕೀಲರನ್ನು ಬೈಯುವವರು ಜಾಸ್ತಿ. ನನ್ನ ತಕರಾರು ಬೇರೆ. ಆರೋಪ ಸಾಬೀತಾದ ಕೂಡಲೇ ಎಷ್ಟೋ ವಕೀಲರು ಕೆಲಸ ಮುಗೀತು ಅಂದುಕೊಳ್ತಾರಲ್ಲ, ಅದು.

ದೋಷಿ ಅಂತ ತೀರ್ಮಾನವಾದ ಮೇಲೆ, ಶಿಕ್ಷೆಯ ಪ್ರಮಾಣದ ಬಗ್ಗೆ ಸೆಷನ್ಸ್ ನ್ಯಾಯಾಧೀಶರು ಅವನ ಮಾತು ಕೇಳಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು ಕಲಂ 235(2) ಆಗಿತ್ತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 258(2). ಬರೀ ಬಾಯಿಮಾತು ಸಾಲದು, ದಾಖಲೆ ಒದಗಿಸಲೂ ಅವಕಾಶ ಇರಬೇಕು ಅಂತ 1976ರಲ್ಲೇ ಸಂತಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಸಾಮಾನ್ಯವಾಗಿ ಕೇಳಿಬರೋದು ಇಷ್ಟೇ: ‘ವಯಸ್ಸಾದ ತಂದೆ ತಾಯಿ ಇದ್ದಾರೆ, ಚಿಕ್ಕ ಮಕ್ಕಳಿದ್ದಾರೆ, ದುಡಿಯುವವನು ಇವನೊಬ್ಬನೇ, ಕರುಣೆ ತೋರಬೇಕು ಸ್ವಾಮಿ.’ ಹೆಸರು ಬದಲಿಸಿದರೆ ಯಾವ ಕೇಸಿಗಾದರೂ ಆಗುತ್ತೆ. ನ್ಯಾಯಾಧೀಶರಾದರೂ ಏನು ಮಾಡಿಯಾರು? ಫೈಲಿನ ತುಂಬ ಇರೋದು ಆ ಒಂದು ರಾತ್ರಿಯ ಕಥೆ.

ಗಲ್ಲು ಶಿಕ್ಷೆಯ ಕೇಸುಗಳಲ್ಲಿ ಸ್ವಲ್ಪ ಬದಲಾವಣೆ ಬಂದಿದೆ. ಅಪರಾಧದ ಜೊತೆ ಅಪರಾಧಿಯನ್ನೂ ನೋಡಿ ಅಂತ 1980ರ ಬಚ್ಚನ್ ಸಿಂಗ್ ತೀರ್ಪು ಹೇಳಿತು. 2022ರ ಮನೋಜ್ ತೀರ್ಪು ಇನ್ನೂ ಮುಂದೆ ಹೋಯಿತು. ಬಾಲ್ಯ, ಓದು, ಮನೆಯ ಸ್ಥಿತಿ, ಮಾನಸಿಕ ಆರೋಗ್ಯ, ಜೈಲಿನಲ್ಲಿ ನಡೆದುಕೊಂಡ ರೀತಿ, ಇದೆಲ್ಲ ವಿಚಾರಣೆಯ ಹಂತದಲ್ಲೇ ಕೋರ್ಟಿನ ಮುಂದೆ ಬರಬೇಕು ಅಂದಿತು.

ಆದರೆ ಕೊಲೆ ಯತ್ನದ ಕೇಸು ನೋಡಿ. ಹತ್ತು ವರ್ಷದವರೆಗೆ ಜೈಲು, ಗಾಯವಾಗಿದ್ದರೆ ಜೀವಾವಧಿಯವರೆಗೂ ಹೋಗಬಹುದು. ಇಷ್ಟೇ ಕೊಡಲೇಬೇಕು ಅಂತ ಕನಿಷ್ಠ ಮಿತಿ ಇಲ್ಲ. ಅಂದರೆ ಎರಡು ವರ್ಷವೂ ಆಗಬಹುದು, ಹತ್ತೂ ಆಗಬಹುದು. ವಾದಕ್ಕೆ ಜಾಗ ಇರೋದೇ ಇಲ್ಲಿ. ಚಿಕ್ಕಂದಿನಿಂದ ಏಟು ತಿಂದು ಬೆಳೆದವನಾ? ತಲೆಗೆ ಹಳೇ ಪೆಟ್ಟಿದೆಯಾ? ಚಿಕಿತ್ಸೆ ಅರ್ಧಕ್ಕೆ ಬಿಟ್ಟಿದ್ದನಾ? ಊರಿಗೆ ಹೋಗಿ ವಿಚಾರಿಸದೆ, ಆಸ್ಪತ್ರೆ ಚೀಟಿ ಹುಡುಕದೆ ಇದು ಗೊತ್ತಾಗಲ್ಲ. (ಕುಡಿದಿದ್ದ ಅನ್ನೋ ನೆಪ ಬೇಡ. ತಾನಾಗಿ ಕುಡಿದವನ ಬಗ್ಗೆ ನನಗೂ ಕನಿಕರ ಇಲ್ಲ.)

ಹುಡುಕದಿದ್ದರೆ ಏನಾಗುತ್ತೆ ಅನ್ನೋದಕ್ಕೆ 2023ರ ಒಂದು ತೀರ್ಪು ಸಾಕು. 1994ರ ಏಳು ಕೊಲೆಗಳ ಪ್ರಕರಣ. ಅದರಲ್ಲಿ ಒಬ್ಬನಿಗೆ ಕೊಟ್ಟ ಗಲ್ಲು ಶಿಕ್ಷೆ ಸುಪ್ರೀಂ ಕೋರ್ಟಿನಲ್ಲೂ ಖಾಯಂ ಆಗಿತ್ತು. ಕೊನೆಗೆ ಶಾಲೆಯ ದಾಖಲೆ ನೋಡಿದರೆ, ಕೊಲೆ ನಡೆದಾಗ ಅವನಿಗೆ ಹನ್ನೆರಡೂವರೆ ವರ್ಷ! 28 ವರ್ಷ ಜೈಲಿನಲ್ಲಿ ಕಳೆದ ಮೇಲೆ ಬಿಡುಗಡೆ. ಇದು ಬಾಲಾಪರಾಧಿ ಕಾನೂನಿನ ಪ್ರಶ್ನೆ, ಶಿಕ್ಷೆ ಇಳಿಸುವ ವಾದವಲ್ಲ, ನಿಜ. ಆದರೆ ಎರಡಕ್ಕೂ ಬೇಕಾಗಿದ್ದು ಅದೇ ಓಡಾಟ.

‘ಸತ್ತವರ ಮನೆಯವರ ಗತಿ ಏನು?’ ಅಂತ ಕೇಳ್ತೀರಿ. ಕೇಳಲೇಬೇಕು. ಅವರಿಗೆ ಪರಿಹಾರ ಸಿಗಬೇಕು, ಅವರ ಮಾತಿಗೂ ಕೋರ್ಟಿನಲ್ಲಿ ಬೆಲೆ ಇರಬೇಕು. ಶಿಕ್ಷೆ ಕಡಿಮೆ ಮಾಡಿ ಅಂತ ಕೇಳೋದು ತಪ್ಪೇ ಮಾಡಿಲ್ಲ ಅಂದಂತಲ್ಲ. ಎಲ್ಲ ತಿಳಿದ ಮೇಲೂ ಪೂರ್ತಿ ಶಿಕ್ಷೆ ಕೊಟ್ಟರೆ ಕೊಡಲಿ.

ಈ ಓಡಾಟವನ್ನು ವಕೀಲರೊಬ್ಬರ ಮೇಲೇ ಹಾಕಿದರೆ ಆಗಲ್ಲ, ಅದರಲ್ಲೂ ಆರೋಪಿಯ ಪರ ಸರ್ಕಾರ ನೇಮಿಸಿದ ವಕೀಲರಾದರೆ. ಉಚಿತ ಕಾನೂನು ನೆರವು ಕೊಡುವ ಕಾನೂನು ಸೇವೆಗಳ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ಅಲ್ಲಿ ಸಮಾಜಕಾರ್ಯ ಓದಿದ ಒಬ್ಬರನ್ನು ಇದಕ್ಕೆಂದೇ ಇಟ್ಟು, ಪ್ರಯಾಣದ ಖರ್ಚು ಕೊಡಲಿ. ತೀರ್ಪಿನ ಮರುದಿನ ಅಲ್ಲ, ಚಾರ್ಜ್‌ಶೀಟ್ ಬಂದ ದಿನದಿಂದಲೇ ಅವರು ಕೆಲಸ ಶುರು ಮಾಡಲಿ.