ಸತ್ಯಾಂಶ: ಹೂಳು ತುಂಬಿದ ಡ್ಯಾಂ ಮತ್ತು ‘ಒಂದು ಗಂಟೆ’ಯ ಲೆಕ್ಕ

ತುಂಗಭದ್ರಾ ತುಂಬುತ್ತಿದ್ದಂತೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಹಳೇ ಸಂದೇಶ ಮತ್ತೆ ಹರಿದಾಡುತ್ತದೆ: ಹೂಳಿನ ಭಾರಕ್ಕೆ ಡ್ಯಾಂ ಒಡೆದು, 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಗಂಟೆಯೊಳಗೆ ಕೊಪ್ಪಳ, ಬಳ್ಳಾರಿ, ರಾಯಚೂರನ್ನು ಮುಳುಗಿಸುತ್ತದಂತೆ. ನದಿ ದಂಡೆಯವರ ಭಯ ಸಹಜ. ಲೆಕ್ಕ ಮಾತ್ರ ತಪ್ಪು.

133 ಎಂಬುದು 1953ರ ಸಾಮರ್ಥ್ಯ. ಹೂಳು ಕೂತು ಈಗ ಸುಮಾರು 105ಕ್ಕೆ ಇಳಿದಿದೆ. ಹೂಳು ಹಿಡಿದ ಜಾಗದಲ್ಲೇ ನೀರೂ ಇರಲಾರದು. ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಲಕ್ಷ ಘನ ಅಡಿ) ಹರಿದರೂ ಒಂದು ಟಿಎಂಸಿ ಖಾಲಿಯಾಗಲು 2 ಗಂಟೆ 47 ನಿಮಿಷ ಬೇಕು, ಫೋನಿನಲ್ಲೇ ಭಾಗಿಸಿ ನೋಡಿ. 133 ಟಿಎಂಸಿ ಒಂದೇ ಗಂಟೆಯಲ್ಲಿ ಎಂದರೆ ಸುಮಾರು 3.7 ಕೋಟಿ ಕ್ಯೂಸೆಕ್!

ಹಾಗಂತ ‘ನೀರು ಕಮ್ಮಿ, ಅಪಾಯವೂ ಕಮ್ಮಿ’ ಎನ್ನುವುದೂ ಸರಿಯಲ್ಲ. ಪ್ರವಾಹದ ಗರಿಷ್ಠ ಹರಿವನ್ನು ಮುಖ್ಯವಾಗಿ ನಿರ್ಧರಿಸುವುದು ಒಡಕಿನ ಅಗಲ, ಅದು ತೆರೆಯುವ ವೇಗ ಮತ್ತು ಹಿಂದಿನ ನೀರಿನ ಎತ್ತರ. ಕಲ್ಲಿನ ಅಣೆಕಟ್ಟಾದರೆ ಒಡಕು ತೆರೆಯುವುದು ನಿಮಿಷಗಳ ಮಾತು. ಮಣ್ಣಿನ ಏರಿ ಕೊಚ್ಚಿಹೋಗಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಹೂಳು ಜತೆಗೆ ಬಂದರೆ ಹರಿವು ದಪ್ಪಗಾಗಿ, ಕೆಳಗಿನ ನದಿಪಾತ್ರದಲ್ಲಿ ಕೂತು ನೀರಿನ ಮಟ್ಟ ಏರಿಸುತ್ತದೆ. ಬರೀ ನೀರೆಂದು ಹಿಡಿದು ಮಾಡಿದ ಪ್ರವಾಹದ ಲೆಕ್ಕ ಎಡವುವುದು ಇಲ್ಲೇ. ಆದರೆ ಎಲ್ಲ ಹೂಳೂ ಹೊರಡದು: ದಪ್ಪ ಮರಳು ನದಿ ಹಿನ್ನೀರಿಗೆ ಸೇರುವ ಬಾಯಲ್ಲೇ ನಿಂತಿರುತ್ತದೆ, ವರ್ಷಗಟ್ಟಲೆ ಗಟ್ಟಿಯಾದ ಜೇಡಿ ಸುಲಭಕ್ಕೆ ಕದಲದು.

ಸಂದೇಶ ಬಂದರೆ ಕೇಳಿ: ಯಾವ ವರ್ಷದ ಹೂಳಿನ ಸಮೀಕ್ಷೆ? ಒಡಕಿನ ಅಗಲ ಎಷ್ಟು? ಕಂಪ್ಲಿಗೆ, ಸಿರುಗುಪ್ಪಕ್ಕೆ ನೀರು ಎಷ್ಟು ಹೊತ್ತಿಗೆ, ಎಷ್ಟು ಆಳಕ್ಕೆ? ಉತ್ತರವಿಲ್ಲದಿದ್ದರೆ ಮುಂದೆ ಕಳಿಸಬೇಡಿ. ಜಲಾಶಯದ ಆ ದಿನದ ಮಟ್ಟ (ಪೂರ್ಣ 1633 ಅಡಿ), ಒಳಹರಿವು, ಹೊರಹರಿವು ದಿನಪತ್ರಿಕೆಯಲ್ಲೇ ಸಿಗುತ್ತವೆ.