ಲೊಕೇಶನ್ ಕೊಡಲ್ಲ, ಬೈಕೊಂಡರೂ ಪರವಾಗಿಲ್ಲ

ಕಳೆದ ಭಾನುವಾರ ಒಂದು ಫೋಟೋ ಹಾಕಿದ್ದೆ. ಬ್ಲ್ಯಾಕ್ ವಿಂಗ್ಡ್ ಕೈಟ್ ಅನ್ನೋ ಗಿಡುಗದ ಜೋಡಿ. ಗಂಡು ಇಲಿ ಹಿಡಿದು ತಂದು, ಹಾರುತ್ತಲೇ ಹೆಣ್ಣಿನ ಕಾಲಿಗೆ ದಾಟಿಸುತ್ತಿರುವ ಗಳಿಗೆ. ಒಂಬತ್ತು ವರ್ಷದಿಂದ ಕ್ಯಾಮೆರಾ ಹೊರುತ್ತಿದ್ದೀನಿ, ಇಂಥದ್ದು ಸಿಕ್ಕಿದ್ದು ಇದೇ ಮೊದಲು. ಖುಷಿಗೆ ರಾತ್ರಿ ಹನ್ನೊಂದಕ್ಕೇ ಹಾಕಿಬಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಅರವತ್ತು ಚಿಲ್ಲರೆ ಕಮೆಂಟು. ಅರ್ಧಕ್ಕರ್ಧ ಒಂದೇ ಮಾತು: "ಲೊಕೇಶನ್ ಪ್ಲೀಸ್." ನಾನು ಎಲ್ಲರಿಗೂ "ತುಮಕೂರು ಜಿಲ್ಲೆ" ಅಂತ ಉತ್ತರ ಕೊಟ್ಟೆ. ಒಬ್ಬರಿಗೆ ಸಿಟ್ಟು ಬಂತು. "ಅಷ್ಟೊಂದು ಜಂಬ ಯಾಕೆ ಸಾರ್, ಹಕ್ಕಿ ಏನು ನಿಮ್ಮಪ್ಪನ ಮನೇದಾ?"

ಅಲ್ಲ ಸ್ವಾಮಿ. ನಮ್ಮಪ್ಪನ ಮನೇಲಿ ಇದ್ದದ್ದು ಎರಡು ಎಮ್ಮೆ, ಒಂದು ಕೋಳಿಗೂಡು. ಹದ್ದು ಬಂದು ಕೋಳಿಮರಿ ಎತ್ತಿಕೊಂಡು ಹೋಗುತ್ತಿತ್ತು. ನಮ್ಮಜ್ಜಿ ಮೊರ ಬಡಿದುಕೊಂಡು ಅಂಗಳದ ತುಂಬ ಓಡಾಡಿ ಅದಕ್ಕೆ ಶಾಪ ಹಾಕುತ್ತಿದ್ದಳು. ಶನಿವಾರ ಅದೇ ಅಜ್ಜಿ, ಕೆಂಪು ಮೈ ಬಿಳಿ ಕತ್ತಿನದು ಹಾರಿದರೆ "ಗರುಡ, ಗರುಡ" ಅಂತ ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಕೋಳಿಮರಿ ವಿಷಯದಲ್ಲಿ ಗರುಡನೇನೂ ಸಾಚಾ ಅಲ್ಲ ಅನ್ನೋದು ಅವಳಿಗೂ ಗೊತ್ತಿತ್ತು ಅಂತ ಕಾಣುತ್ತೆ, ಬಾಯಿ ಬಿಡಲಿಲ್ಲ ಅಷ್ಟೆ.

ಆ ಕಮೆಂಟಿಗೆ ಅಲ್ಲೇ ಉತ್ತರ ಬರೆಯೋಕೆ ಹೋದೆ, ಉದ್ದ ಆಯ್ತು. ಅದಕ್ಕೇ ಇಲ್ಲಿ.

2016ರಲ್ಲಿ ಕ್ಯಾಮೆರಾ ತಗೊಂಡೆ. ನಿಕಾನ್ ಡಿ7200, ಜೊತೆಗೆ 200-500 ಲೆನ್ಸು. ಲೆನ್ಸ್ ಒಂದೇ ಎರಡು ಕೆಜಿ ಮುನ್ನೂರು ಗ್ರಾಂ. "ಇದರ ಬದಲು ಗ್ರೈಂಡರ್ ತಂದಿದ್ದರೆ ದೋಸೆಯಾದರೂ ಆಗೋದು" ಅಂದಳು ನನ್ನವಳು. ಮೊದಲನೇ ವರ್ಷ ನಾನು ತೆಗೆದದ್ದೆಲ್ಲ ಹಕ್ಕಿಗಳ ಬೆನ್ನು. ಬಿಜ್ಜು ಹೋಗುತ್ತಿರೋದು, ಪನ್ನಗಾರಿ ಹೋಗುತ್ತಿರೋದು, ಹದ್ದು ಹೋಗಿಬಿಟ್ಟಿರೋದು. ಬರುತ್ತಿರೋದು ಒಂದೂ ಇಲ್ಲ. ಲೆನ್ಸ್ ಸಾಲದು ಅಂದುಕೊಂಡಿದ್ದೆ. ತಪ್ಪಿದ್ದದ್ದು ನಾನು ನಿಲ್ಲುತ್ತಿದ್ದ ಜಾಗದಲ್ಲಿ.

ಹಕ್ಕಿ ಗಾಳಿಗೆ ಎದುರಾಗಿ ಏಳುತ್ತೆ. ವಿಮಾನವೂ ಹಾಗೇ. ಬ್ಲ್ಯಾಕ್ ವಿಂಗ್ಡ್ ಕೈಟ್ ಆಕಾಶದಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತಿರುತ್ತಲ್ಲ, ಆಗಲೂ ಅದರ ಮುಖ ಗಾಳಿ ಬರುವ ಕಡೆಗೇ. ಬೆನ್ನಿಗೆ ಗಾಳಿ, ಬೆನ್ನಿಗೆ ಬಿಸಿಲು ಬೀಳೋ ಹಾಗೆ ನಿಂತರೆ ಹಕ್ಕಿ ತಾನಾಗೇ ನಿಮ್ಮ ಕಡೆ ತಿರುಗುತ್ತೆ, ಕಣ್ಣಿಗೆ ಬೆಳಕೂ ಬೀಳುತ್ತೆ. ಆ ಕೆಂಪು ಕಣ್ಣಿಗೆ ಬೆಳಗಿನ ಏಳು ಗಂಟೆ ಬೆಳಕು ಬಿದ್ದರೆ ದಾಳಿಂಬೆ ಕಾಳು ನೋಡಿದ ಹಾಗಿರುತ್ತೆ. ಕೂತ ಹಕ್ಕಿ ಯಾವಾಗ ಹಾರುತ್ತೆ ಅಂತ ತಿಳಿಯೋಕೂ ಒಂದು ಸೂಚನೆ ಇದೆ, ಹೇಳೋಕೆ ಸ್ವಲ್ಪ ಮುಜುಗರ. ಬಾಲ ಎತ್ತಿ ಹಿಕ್ಕೆ ಹಾಕಿತು ಅಂದರೆ ಎಷ್ಟೋ ಸಲ ಮರುಕ್ಷಣವೇ ಹಾರುತ್ತೆ. ಭಾರ ಇಳಿಸಿಕೊಂಡು ಹೊರಡೋದು. ಆಗ ಬೆರಳು ಬಟನ್ ಮೇಲಿರಬೇಕು. ಶಟರ್ ಸ್ಪೀಡ್ 1/2500. ಹಿಂದೆ ಬಿಳೀ ಆಕಾಶ ಇದ್ದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಮೇಲಕ್ಕೆ, ಇಲ್ಲದಿದ್ದರೆ ಹಕ್ಕಿ ಇದ್ದಿಲಾಗುತ್ತೆ. ಒಂಬತ್ತೂವರೆ ಆದ ಮೇಲೆ ಬಯಲಿನಲ್ಲಿ ದೂರದ ಹಕ್ಕಿ ತೆಗೆಯೋಕೆ ಹೋಗಲೇಬೇಡಿ. ನೆಲದಿಂದ ಏಳೋ ಬಿಸಿಗಾಳಿಯಲ್ಲಿ ಚಿತ್ರ ನೀರಿನಡಿ ಇದ್ದ ಹಾಗೆ ನಡುಗುತ್ತೆ, ಎರಡು ಲಕ್ಷದ ಲೆನ್ಸಾದರೂ ಅಷ್ಟೆ. ದೊಡ್ಡ ಗಿಡುಗಗಳು ಅದೇ ಬಿಸಿಗಾಳಿ ಹಿಡಿದು ಸುತ್ತು ಸುತ್ತು ಮೇಲೇರಿ ಹೋಗೋ ಹೊತ್ತು ಅದು. ಕ್ಯಾಮೆರಾ ಚೀಲಕ್ಕೆ ಹಾಕಿ ಇಡ್ಲಿ ತಿನ್ನೋ ಹೊತ್ತು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಕೇಳಿದರೆ ಇದನ್ನೆಲ್ಲ ಗಂಟೆಗಟ್ಟಲೆ ಹೇಳಿಕೊಡ್ತೀನಿ. ಯಾರೂ ಕೇಳಲ್ಲ. ಕೇಳೋದು ಜಾಗ ಒಂದೇ.

ಒಂದು ಸಲ ಕೊಟ್ಟಿದ್ದೆ.

2019ರ ಡಿಸೆಂಬರ್. ಒಬ್ಬ ಗೌಡರ ಹೊಲ. ರಾಗಿ ಕೊಯ್ದು ಮೆದೆ ಒಟ್ಟಿದ್ದರು. ಬದುವಿನ ಮೇಲೆ ಒಂದು ಜಾಲಿ ಮರ, ಆಳೆರಡು ಎತ್ತರ ಇರಬಹುದು. ಅದರ ನೆತ್ತಿಯಲ್ಲಿ ಬ್ಲ್ಯಾಕ್ ವಿಂಗ್ಡ್ ಕೈಟ್ ಗೂಡು ಕಟ್ಟಿತ್ತು. ಗೌಡರಿಗೆ ಅದು ಬರೀ "ಬಿಳೀ ಗಿಡ್ಗ". ಮೆದೆಗೆ ಬರೋ ಇಲೀನ ಹೊತ್ತುಕೊಂಡು ಹೋಗುತ್ತೆ ಅಂತ ಅದರ ಮೇಲೆ ಒಂದು ಥರಾ ಅಕ್ಕರೆ. ಹೆಣ್ಣು ಕಾವಿಗೆ ಕೂತಿತ್ತು, ಗಂಡು ಹೊತ್ತು ಹೊತ್ತಿಗೆ ಇಲಿ ತಂದುಕೊಡೋದು. ನಾನು ಹುಣಸೇಮರದ ಬುಡದಲ್ಲಿ, ಎಂಬತ್ತು ಹೆಜ್ಜೆ ದೂರದಲ್ಲಿ ಗೋಣಿತಾಟು ಹಾಸಿಕೊಂಡು ಕೂರ್ತಿದ್ದೆ. ನಡುವೆ ಎರಡು ಕೊಂಬೆ ಅಡ್ಡ. ಗೂಡು ಸರಿಯಾಗಿ ಕಾಣುತ್ತಿರಲಿಲ್ಲ. ಸಾಕಿತ್ತು.

ಗೆಳೆಯರೊಬ್ಬರಿಗೆ ವಾಟ್ಸಾಪಿನಲ್ಲಿ ಪಿನ್ ಕಳಿಸಿದೆ. ಒಳ್ಳೆಯ ಮನುಷ್ಯ, ಈಗಲೂ ಮಾತಾಡ್ತೀವಿ. ಅವರು ಇನ್ನಿಬ್ಬರಿಗೆ ಕಳಿಸಿದರು. ಆ ಇಬ್ಬರು ಎಷ್ಟು ಜನಕ್ಕೆ ಕಳಿಸಿದರೋ.

ಹನ್ನೆರಡು ದಿನ ಬಿಟ್ಟು ಹೋದೆ. ಗೌಡರು ಕಣದ ಹತ್ತಿರ ನಿಂತಿದ್ದರು. ಎಂದಿನ ಹಾಗೆ "ಬನ್ನಿ, ಕಾಪಿ ಕುಡೀರಿ" ಅನ್ನಲಿಲ್ಲ.

"ಏನ್ ಸ್ವಾಮಿ, ನಿಮ್ ಕಡೇರು ಬಂದು ಜಾಲಿ ಮರ ಸವರಿ ಹೋದ್ರಲ್ಲ?"

"ಯಾರು ಗೌಡ್ರೆ?"

"ನನ್ಗೇನ್ ಗೊತ್ತು. ಮೂರು ಕಾರಲ್ಲಿ ಬಂದ್ರು. ನಿಮ್ ಹೆಸ್ರು ಹೇಳುದ್ರು. ಒಂದೀಟು ಮಚ್ಚು ಕೊಡಿ ಯಜಮಾನ್ರೆ ಅಂದ್ರು, ನಾನೇ ಕೊಟ್ಟೆ. ಯಾವ್ದೋ ಮುಳ್ ಗಿಡ ಕಡ್ಕಂತರೆ, ಕೂರಕ್ಕೆ ಅಂತ."

ನೋಡಿದೆ. ಅಡ್ಡ ಇದ್ದ ಎರಡು ಕೊಂಬೆ ಇಲ್ಲ. ಅವೆರಡೇ ಅಲ್ಲ, ಗೂಡಿನ ಪಡುವಣ ಮಗ್ಗುಲಿನ ಸೊಪ್ಪೆಲ್ಲ ಬೋಳು. ಕಡಿದ ಕಡೆ ಗೋಂದು ಒಸರಿ ಗಟ್ಟಿಯಾಗಿತ್ತು. ಮಧ್ಯಾಹ್ನ ತಿರುಗಿದ ಬಿಸಿಲು ನೆಟ್ಟಗೆ ಗೂಡಿನ ಮೇಲೆ. ಬಿಸಿಲು ಬಿದ್ದ ಗೂಡು ಕಾಗೆಗೂ ಕಾಣುತ್ತೆ. ಮರದ ಬುಡದಲ್ಲಿ ಉಗುರಿನಷ್ಟು ಒಂದು ಚಿಪ್ಪಿನ ಚೂರು ಸಿಕ್ಕಿತು, ಕೆನೆ ಬಣ್ಣ, ಮೇಲೆ ಇಟ್ಟಿಗೆ ಬಣ್ಣದ ಕಲೆ. ಜೋಡಿ ಆ ಹೊಲ ಬಿಟ್ಟು ಹೋಗಿತ್ತು. ನಾಲ್ಕು ದಿನ ಆದ ಮೇಲೆ ಫೇಸ್‌ಬುಕ್ಕಿನಲ್ಲೇ ಆ ಗೂಡಿನ ಫೋಟೋ ನೋಡಿದೆ. ಅಡ್ಡ ಏನೂ ಇಲ್ಲ, ಹಿನ್ನೆಲೆ ಬೆಣ್ಣೆಯ ಹಾಗೆ ನುಣುಪು. ಕೆಳಗೆ ನೂರಾರು ಜನ "ವಾವ್, ಕ್ಲೀನ್ ಫ್ರೇಮ್" ಅಂದಿದ್ದರು. ಆ ಫ್ರೇಮನ್ನು ಕ್ಲೀನ್ ಮಾಡಿದ್ದು ಗೌಡರ ಮಚ್ಚು, ನನ್ನ ಹೆಸರು.

ಮಚ್ಚು ಹಿಡಿಯೋದೊಂದೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೆಗೆದು "ಬೇಟೆ" ಅನ್ನೋ ಪದಕ್ಕೆ ಅದು ಏನು ಅರ್ಥ ಕೊಟ್ಟಿದೆ ಅಂತ ಒಂದು ಸಲ ಓದಿ. ಕೊಲ್ಲೋದು, ವಿಷ ಹಾಕೋದು, ಬಲೆ ಒಡ್ಡೋದು ಸರಿ. ಪ್ರಾಣಿಯನ್ನ ಅಟ್ಟೋದೂ ಬೇಟೆ. ಎರೆ ಇಟ್ಟು ಕರೆಯೋದೂ ಬೇಟೆ. ಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡೋದೂ ಬೇಟೆ. ನಾನು ವಕೀಲ ಅಲ್ಲ, ಆದರೆ ಕನ್ನಡ ಓದೋಕೆ ಬರುತ್ತೆ. ಕೋವಿ ಹಿಡಿದವನೂ, ಬಿಳೀ ಇಲಿ ಹಿಡಿದವನೂ ಕಾಯ್ದೆಯ ಒಂದೇ ಸಾಲಿನಲ್ಲಿ ನಿಂತಿದ್ದಾರೆ.

ಬಿಳೀ ಇಲಿ ಅಂದೆನಲ್ಲ. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುತ್ತೆ. ಬಯಲಲ್ಲಿ ಬಿಟ್ಟು, ಎದುರಿಗೆ ಬೋರಲು ಮಲಗಿ ಕಾದರೆ ಗೂಬೆಯೋ ಗಿಡುಗವೋ ನೇರ ಕ್ಯಾಮೆರಾಕ್ಕೆ ಮುಖ ಕೊಟ್ಟು, ರೆಕ್ಕೆ ಹರಡಿ, ಕಾಲು ಮುಂದೆ ಚಾಚಿ ಬರುತ್ತೆ. ನೆಲದ ಮಟ್ಟದಲ್ಲಿ, ಬೆಳಕು ಹದವಾಗಿ ಬಿದ್ದು, ಹಕ್ಕಿ ಸೀದಾ ಎದುರಿಗೇ ಬರುತ್ತಿರುವ ಅಂಥ ಫೋಟೋ ಒಬ್ಬರದೇ ಆಲ್ಬಮ್ಮಿನಲ್ಲಿ ಹತ್ತಿದ್ದರೆ ನನಗೆ ಅನುಮಾನ. ಕಾಲಲ್ಲಿರೋ ಇಲಿ ಹಾಲಿನಷ್ಟು ಬೆಳ್ಳಗಿದ್ದರೆ ಅನುಮಾನವೂ ಇಲ್ಲ. ನಮ್ಮ ರಾಗಿ ಹೊಲದಲ್ಲಿ ಬಿಳೀ ಇಲಿ ಎಲ್ಲಿಂದ ಬರಬೇಕು?

ಅಟ್ಟೋ ವಿಷಯದಲ್ಲಿ ನಾನೂ ಕೈ ತೊಳೆದವನಲ್ಲ. 2017ರ ಜನವರಿ, ಹೆಸರಘಟ್ಟದ ಹುಲ್ಲುಗಾವಲು. ಮಾಂಟೆಗ್ಯೂ ಹ್ಯಾರಿಯರ್ ಅನ್ನೋ ವಲಸೆ ಗಿಡುಗದ ಗಂಡು, ಬೂದಿ ಬಣ್ಣ, ಹುಲ್ಲಿನ ಮೇಲೆ ಮೊಣಕಾಲೆತ್ತರದಲ್ಲಿ ತೇಲಿಕೊಂಡು ಹೋಗುತ್ತಿತ್ತು. ಗೆಳೆಯರ ಕಾರು. ನಾನು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ "ಬಲಕ್ಕೆ, ಬಲಕ್ಕೆ, ಓಡ್ಸು" ಅಂತ ಕಿರುಚುತ್ತಿದ್ದೆ. ಹುಲ್ಲಿನ ಮೇಲೇ ಕಾರು. ಆ ಹಕ್ಕಿ ಮಧ್ಯ ಏಷ್ಯಾದ ಕಡೆಯಿಂದ ಸಾವಿರಾರು ಕಿಲೋಮೀಟರ್ ಹಾರಿ ಚಳಿಗಾಲ ಕಳೆಯೋಕೆ ಇಲ್ಲಿಗೆ ಬಂದಿರುತ್ತೆ. ತಿನ್ನೋದು ಮಿಡತೆ, ಸಣ್ಣ ಹಕ್ಕಿ. ರಾತ್ರಿ ಮಲಗೋದು ಮರದ ಮೇಲಲ್ಲ, ಇದೇ ಹುಲ್ಲಿನ ನಡುವೆ ನೆಲದ ಮೇಲೆ. ನಮ್ಮ ಚಕ್ರ ಹರಿದದ್ದು ಅದರ ಹಾಸಿಗೆ ಮೇಲೆ. ಆ ದಿನದ ಫೋಟೋಗೆ ಜಿಲ್ಲಾ ಮಟ್ಟದ ಸ್ಪರ್ಧೆಯೊಂದರಲ್ಲಿ ಸಮಾಧಾನಕರ ಬಹುಮಾನವೂ ಬಂತು. ಸರ್ಟಿಫಿಕೇಟು ಮನೇಲಿ ಎಲ್ಲೋ ಇದೆ, ಹುಡುಕಿಲ್ಲ.

ಫೋಟೋದಿಂದ ಹಕ್ಕಿಗೆ ಉಪಕಾರವೂ ಆಗುತ್ತೆ ಅನ್ನೋ ಮಾತು ಬಂದೇ ಬರುತ್ತೆ. ಒಪ್ತೀನಿ. 2012ರಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಹತ್ತಿರ, ಆಫ್ರಿಕಾಕ್ಕೆ ಹೊರಟಿದ್ದ ಅಮುರ್ ಫಾಲ್ಕನ್ ಹಕ್ಕಿಗಳನ್ನು ಬಲೆ ಹಾಕಿ ರಾಶಿ ರಾಶಿ ಕೊಲ್ಲುತ್ತಿದ್ದದ್ದು ಲೋಕಕ್ಕೆ ಗೊತ್ತಾಗಿದ್ದೇ ಚಿತ್ರಗಳಿಂದ. ಪಾಂಗ್ಟಿ ಊರಿನವರೇ ಮುಂದೆ ನಿಂತು ಮರುವರ್ಷವೇ ಅದನ್ನ ನಿಲ್ಲಿಸಿದರು. ಹೆಸರಘಟ್ಟವನ್ನು 2024ರ ಅಕ್ಟೋಬರಿನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಸಂರಕ್ಷಣಾ ಮೀಸಲು ಪ್ರದೇಶ ಮಾಡೋಕೆ ಒಪ್ಪಿತಲ್ಲ, ಐದು ಸಾವಿರ ಎಕರೆಗೂ ಮೇಲೆ, ಅದರ ಹಿಂದೆ ವರ್ಷಗಟ್ಟಲೆ ಅಲ್ಲಿ ಹಕ್ಕಿ ಎಣಿಸಿ, ಫೋಟೋ ತೆಗೆದು, ಕಚೇರಿ ಕಚೇರಿ ಅಲೆದವರಿದ್ದಾರೆ. ಬರೀ ಹುಲ್ಲಿರೋ ನೆಲ ನಮ್ಮ ಸರ್ಕಾರಿ ಕಡತಕ್ಕೆ ಪಾಳು ಭೂಮಿ. ಅಲ್ಲಿ ಹ್ಯಾರಿಯರ್ ಇದೆ ಅಂತ ತೋರಿಸೋಕೆ ಫೋಟೋ ಬೇಕೇ ಬೇಕು. ಆದರೆ ಆ ಉಪಕಾರ ಮಾಡಿದ ಫೋಟೋಗಳಲ್ಲಿ ಎಷ್ಟಕ್ಕೆ ಗೂಡಿನ ಪಿನ್ ಬೇಕಾಗಿತ್ತು? "ಹುಲ್ಲುಗಾವಲಿನಲ್ಲಿ ಇದೆ" ಅನ್ನೋದು ಸಾಕಾಗಿತ್ತು. ನಾನೂ ನೋಡಿದ್ದನ್ನೆಲ್ಲ, ನೋಡಿದ ಹಕ್ಕಿಗಳನ್ನ ದಾಖಲಿಸೋ ಇಬರ್ಡ್ ಜಾಲತಾಣಕ್ಕೆ ಹಾಕ್ತೀನಿ. ಅಪಾಯದಲ್ಲಿರೋ ಕೆಲವು ಜಾತಿಗಳ ಜಾಗವನ್ನ ಅವರೇ ಮರೆಮಾಡ್ತಾರೆ. ಅವರಿಗಿರೋ ಜಂಬವೇ ನನಗೂ ಇರಲಿ ಬಿಡಿ.

ಸರಿ, ಲೊಕೇಶನ್ ಬೇಕೇ ಬೇಕು ಅನ್ನೋರಿಗೆ ಕೊಡ್ತೀನಿ, ಬರೆದುಕೊಳ್ಳಿ. ಮಲ್ಪೆ ಬಂದರು. ಬೆಳಗ್ಗೆ ಮೀನಿನ ಬೋಟು ಬರೋ ಹೊತ್ತಿಗೆ ಹೋಗಿ. ಗರುಡಗಳು ತಲೆ ಮೇಲೇ ಸುತ್ತುತ್ತವೆ, ನೀರಿಗೆ ಎರಗಿ ಎರಗಿ ಏಳುತ್ತವೆ, ನೀವು ನೂರು ಜನ ನಿಂತರೂ ಕ್ಯಾರೇ ಅನ್ನಲ್ಲ. ಚಳಿಗಾಲದಲ್ಲಿ ಭದ್ರಾ ಹಿನ್ನೀರು, ಅಲ್ಲಿ ಮೀನುಡೇಗೆ ಅನ್ನೋ ಹಕ್ಕಿ (ಆಸ್ಪ್ರೇ) ಒಣಮರದ ತುದಿಯಲ್ಲಿ ಕೂತು ಮೀನು ಹರಿದು ತಿನ್ನುತ್ತಿರುತ್ತೆ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ. ಕೆಳಗಿಂದಲೇ ನೋಡಬೇಕು. ಬಂಡೆ ಮೇಲೆ ಸುಣ್ಣ ಚೆಲ್ಲಿದ ಹಾಗೆ ಹಿಕ್ಕೆಯ ಗುರುತು ಎಲ್ಲಿದೆಯೋ ಅಲ್ಲಿ ಬೈನಾಕ್ಯುಲರ್ ಹಿಡಿಯಿರಿ. ಸಿಕ್ಕರೆ ಫೋಟೋದಲ್ಲಿ ಚುಕ್ಕೆಯಷ್ಟು ಬರುತ್ತೆ. ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿ, ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಸುಟ್ಟು ಸಂತಾನವನ್ನೇ ಅಳಿಸಿತು. 2006ರಲ್ಲಿ ಜಾನುವಾರುಗಳಿಗೆ ಅದನ್ನ ಕೊಡೋದು ನಿಷೇಧ ಆಗೋ ಹೊತ್ತಿಗೆ ಬಹುಪಾಲು ಮುಗಿದೇ ಹೋಗಿತ್ತು. ಉಳಿದವುಗಳಲ್ಲಿ ಒಂದು ನಿಮ್ಮ ಫ್ರೇಮಿನಲ್ಲಿ ಚುಕ್ಕೆಯಾಗಿದೆ ಅಂದರೆ ಕಡಿಮೆ ಏನಲ್ಲ.

ಇನ್ನೂ ಹತ್ತಿರದ್ದು ಬೇಕಾ? ನಿಮ್ಮ ಮನೆ ತಾರಸಿ. ಊರ ಹದ್ದನ್ನು ಯಾರೂ ತೆಗೆಯಲ್ಲ, "ಅಯ್ಯೋ ಹದ್ದಾ" ಅಂತಾರೆ. ಸೀಳಿದ ಬಾಲವನ್ನ ಚುಕ್ಕಾಣಿಯ ಹಾಗೆ ತಿರುಗಿಸುತ್ತಾ, ಒಂದು ಸಲವೂ ರೆಕ್ಕೆ ಬಡಿಯದೆ, ಎರಡು ಕರೆಂಟ್ ತಂತಿ ನಡುವೆ ನುಸುಳಿ ಹೋಗೋ ಹದ್ದನ್ನು ಶಾರ್ಪಾಗಿ ಹಿಡಿದು ತೋರಿಸಿ, ಆಮೇಲೆ ಮಾತಾಡೋಣ. ನನಗೆ ಇವತ್ತಿಗೂ ಹತ್ತಕ್ಕೆ ಎರಡೇ.

ಗೌಡರು ಎರಡು ವರ್ಷ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಹಬ್ಬಕ್ಕೆ ಹೋಗಿ ಬಂದೆ, ಅವರ ಮಗಳ ಮದುವೆಗೆ ಹೋಗಿ ಬಂದೆ, ನಿಧಾನಕ್ಕೆ ಸರಿಹೋಯ್ತು. ಈ ವರ್ಷ ಅವರೇ ಫೋನ್ ಮಾಡಿದರು. "ಸ್ವಾಮಿ, ಬಂದವೆ. ಒಬ್ರೇ ಬನ್ನಿ." ಅದೇ ಜಾಲಿ ಅಲ್ಲ, ಆಚೆ ಬದುವಿನದು. ಭಾನುವಾರ ಹಾಕಿದ ಫೋಟೋ ಅಲ್ಲಿಯದೇ.

ನಿನ್ನೆ ಸಂಜೆ ಮತ್ತೆ ಫೋನ್ ಬಂತು. ಯಾರೋ ಇಬ್ಬರು ಕಾರಿನಲ್ಲಿ ಬಂದು ಮೊಬೈಲಿನಲ್ಲಿ ನನ್ನ ಫೋಟೋ ತೋರಿಸಿ "ಇದು ಇದೇ ಊರಲ್ವಾ" ಅಂತ ಕೇಳಿದರಂತೆ. ಹೇಗೆ ಗೊತ್ತಾಯ್ತು ಅಂತ ತಲೆ ಕೆಡಿಸಿಕೊಂಡೆ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದರೆ ಎಡ ಮೂಲೆಯಲ್ಲಿ, ಮಸುಕಾಗಿ, ಊರಿನ ನೀರಿನ ಟ್ಯಾಂಕು. ಅದರ ಮೇಲೆ ಊರಿನ ಹೆಸರಿನ ಅರ್ಧ.

"ನೀವೇನ್ ಹೇಳುದ್ರಿ ಗೌಡ್ರೆ?"

"ಶಿರಾ ಕಡೀಕ್ ಹಾರೋದ್ವು ಅಂದೆ. ಹೋದ್ರು."

ಆ ಫೋಟೋ ತೆಗೆದುಹಾಕಿದ್ದೀನಿ. ಅದೇ ಸರಣಿಯಲ್ಲಿ ಟ್ಯಾಂಕ್ ಕಾಣದ್ದು ಒಂದಿದೆ, ಹೆಣ್ಣಿನ ಕಣ್ಣು ಅಷ್ಟು ಶಾರ್ಪಿಲ್ಲ. ರಾತ್ರಿ ಅದನ್ನ ಹಾಕ್ತೀನಿ.