ಭಾನುವಾರಕ್ಕೂ ಕಲಿಕಾ ಫಲ ಬರೀಬೇಕಾ?

ಈಗಷ್ಟೇ ತುಮಕೂರಿನ ಹತ್ತಿರದ ದೇವರಾಯನದುರ್ಗ ಬೆಟ್ಟದಿಂದ ಮನೆಗೆ ಬಂದೆವು. ಕಾಲು ನೋವು ಹಾಗಿರಲಿ, ತಲೆ ಬಿಸಿಯಾಗಿದೆ. ಇದನ್ನು ಬರೆದು ಮುಗಿಸದೆ ನನಗೆ ನಿದ್ದೆ ಬರುವುದಿಲ್ಲ.

ಮೇಲೆ ಯೋಗ ನರಸಿಂಹಸ್ವಾಮಿ ದೇವಸ್ಥಾನ ದಾಟಿದರೆ ಬಂಡೆಗಳಿವೆಯಲ್ಲ, ಅಲ್ಲೊಂದು ಕುಟುಂಬ. ಅಪ್ಪ, ಅಮ್ಮ, ಎಂಟೊಂಬತ್ತು ವರ್ಷದ ಹುಡುಗ. ಅಪ್ಪನ ಕೈಯಲ್ಲಿ ಮೊಬೈಲು. "ಹೇಳು ಪುಟ್ಟಾ, ಈ ಬೆಟ್ಟ ಹತ್ತಿ ನೀನು ಲೈಫಲ್ಲಿ ಏನು ಕಲಿತೆ?" ಹುಡುಗ ಹೇಳಿದ, "ಕಷ್ಟಪಟ್ಟರೆ ಎತ್ತರಕ್ಕೆ ಹೋಗಬಹುದು." "ಗಾಳಿ ಸದ್ದು ಬರ್ತಿದೆ, ಜೋರಾಗಿ ಹೇಳು." ಮತ್ತೆ ಹೇಳಿದ. "ನಗ್ತಾ ಹೇಳೋ." ಮತ್ತೆ ಹೇಳಿದ. ಪಾಪ, ಅಷ್ಟು ಹೊತ್ತಿಗೆ ಆ ಮಗುವಿನ ಮುಖದಲ್ಲಿ ನಗು ಎಲ್ಲಿಂದ ಬರಬೇಕು? ಆಮೇಲೆ ನೋಡಿದರೆ ಅವರು ರಸ್ತೆ ಮುಗಿಯುವ ತನಕ ಕಾರಿನಲ್ಲೇ ಬಂದಿದ್ದರು. ಅಲ್ಲಿಂದ ಮೆಟ್ಟಿಲು. ಕಷ್ಟಪಟ್ಟು ಎತ್ತರಕ್ಕೆ ಹೋಗಿದ್ದು ಕಾರು ಮಾರಾಯ್ರೆ!

ಪಕ್ಕದಲ್ಲೇ ಮೂರ್ನಾಲ್ಕು ಹುಡುಗರು ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದು ಉಸಿರು ಬಿಗಿಹಿಡಿದು ಕೂತಿದ್ದರು. ಹಳದಿ ಕತ್ತಿನ ಪಿಕಳಾರಕ್ಕೆ ಕಾಯುತ್ತಿದ್ದರು. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡ, ಕುರುಚಲು ಕಾಡುಗಳನ್ನು ಬಿಟ್ಟರೆ ಬೇರೆಲ್ಲೂ ಸಿಗದ ಹಕ್ಕಿ ಅದು. ಅದನ್ನು ಹುಡುಕಿಕೊಂಡೇ ಬೆಂಗಳೂರಿನಿಂದ ಬರುತ್ತಾರೆ. "ಜೋರಾಗಿ ಹೇಳು" ಅಂದಾಗ ಆ ಹುಡುಗರು ತಿರುಗಿ ನೋಡಿದ ನೋಟ ಇದೆಯಲ್ಲ, ಅದಕ್ಕೆ ನನ್ನದೂ ಒಂದು ಸಹಿ ಇದೆ.

ನಿಮಗೆ ಗೊತ್ತಲ್ಲ, ಪಾಠ ಮಾಡುವುದೇ ನನ್ನ ಹೊಟ್ಟೆಪಾಡು. ಪಾಠ ಯೋಜನೆ, ಕಲಿಕಾ ಫಲ (ಪಾಠದಿಂದ ಮಗು ಏನು ಕಲಿಯಬೇಕು ಅನ್ನುವ ಪಟ್ಟಿ), ಎಫ್‌ಎ, ಎಸ್‌ಎ ಅನ್ನುವ ಪರೀಕ್ಷೆ, ಮೌಲ್ಯಮಾಪನಗಳು. ಕೊರೊನಾ ಆದ ಮೇಲೆ 2022ರಲ್ಲಿ, ತಪ್ಪಿಹೋದ ಪಾಠಗಳನ್ನು ತುಂಬಿಕೊಡಲು ಕಲಿಕಾ ಚೇತರಿಕೆ ಅಂತ ಬಂತು, ಅದರ ಹಾಳೆಗಳನ್ನೂ ತುಂಬಿದ್ದಾಯಿತು. ಶೈಕ್ಷಣಿಕ ಪ್ರವಾಸಕ್ಕೆ ಹೋದರೆ ವಾಪಸ್ ಬರುವಾಗ ಬಸ್ಸಿನಲ್ಲೇ ಮಕ್ಕಳು "ಮೇಡಂ, ಇದರ ಮೇಲೆ ವರದಿ ಬರೀಬೇಕಾ?" ಅಂತ ಕೇಳುತ್ತಾರೆ. ಬರೀಬೇಕು ಅಂದ ತಕ್ಷಣ ಮುಖಗಳು ಬಾಡಿ ಹೋಗುತ್ತವೆ. ಇದು ನನ್ನ ಕೆಲಸ, ಮಾಡುತ್ತೇನೆ. ಸಂಬಳ ಕೊಡುತ್ತಾರೆ. ಸಂಬಳ ಇಲ್ಲದೆ ಭಾನುವಾರವೂ ಇದೇ ಕೆಲಸ ಮಾಡುವ ಅಪ್ಪ ಅಮ್ಮಂದಿರಿಗೆ ಏನಾಗಿದೆ ಅಂತ!

ಸೋಮವಾರದಿಂದ ಶನಿವಾರದ ತನಕ ಶಾಲೆ. ಸಂಜೆ ಟ್ಯೂಷನ್ನು, ಅಬ್ಯಾಕಸ್ಸು, ಕರಾಟೆ. ಉಳಿದಿದ್ದು ಒಂದು ಭಾನುವಾರ. ಆವತ್ತು ಬೆಟ್ಟಕ್ಕೆ ಕರೆದುಕೊಂಡು ಹೋಗಿ ಅಲ್ಲೂ ಪ್ರಶ್ನೋತ್ತರ. ಇರುವೆ ಕಂಡರೆ ಶ್ರಮ. ಮರ ಕಂಡರೆ ತ್ಯಾಗ. ಕೋತಿ ಕಂಡರೆ ಮಾತ್ರ ಯಾರೂ ಏನೂ ಹೇಳುವುದಿಲ್ಲ, ಬಾಳೆಹಣ್ಣು ಬಚ್ಚಿಡುತ್ತಾರೆ. ಮನೆಗೆ ಬಂದು ಫೋಟೋ ಹಾಕಿ "ಲೈಫ್ ಬ್ಯಾಲೆನ್ಸ್" ಅಂತ ಬರೆಯುತ್ತಾರೆ.

ಬ್ಯಾಲೆನ್ಸ್ ವಿಷಯಕ್ಕೆ ಬರೋಣ. ನಮ್ಮ ಮನೆಯಲ್ಲಿ ಬೆಟ್ಟಕ್ಕೆ ಹೋಗುವ ದಿನ ಅದು ಬೆಳಗಿನ ಜಾವ ನಾಲ್ಕೂವರೆಗೆ ಶುರುವಾಗುತ್ತದೆ. ಪುಳಿಯೋಗರೆ ಕಲಸಬೇಕು, ಮೊಸರನ್ನಕ್ಕೆ ಒಗ್ಗರಣೆ ಹಾಕಬೇಕು, ನೀರಿನ ಬಾಟಲಿ ತುಂಬಬೇಕು, ಚಿಕ್ಕವನಿಗೆ ಇನ್ನೊಂದು ಜೊತೆ ಬಟ್ಟೆ, ಅತ್ತೆಯ ಬಿಪಿ ಮಾತ್ರೆ. ಆರಕ್ಕೆ ನಮ್ಮ ಯಜಮಾನರು ಎದ್ದು ಮೈ ಮುರಿದು "ಆಹಾ, ಎಂಥಾ ವೆದರ್ ಅಲ್ವಾ!" ಅನ್ನುತ್ತಾರೆ. ಒಳ್ಳೆ ಮನುಷ್ಯ, ಬೈಯುತ್ತಿಲ್ಲ. ಸುಮ್ನೆ ಹೇಳಿದೆ.

ಇನ್ನೂ ಒಂದು ಹೇಳಿಬಿಡುತ್ತೇನೆ. ನಾನು ಬೆಟ್ಟಕ್ಕೆ ಹೋಗುವುದು ಮಕ್ಕಳಿಗೋಸ್ಕರ ಅಲ್ಲವೇ ಅಲ್ಲ. ಬಂಡೆ ಮೇಲೆ ಕೂತರೆ ಯಾರೂ "ಅಮ್ಮಾ, ನನ್ನ ಸಾಕ್ಸ್ ಎಲ್ಲಿ?" ಅಂತ ಕೇಳುವುದಿಲ್ಲ. ಅಷ್ಟೇ. ಅದಕ್ಕೋಸ್ಕರ ಇಡೀ ಬೆಟ್ಟ ಹತ್ತುತ್ತೇನೆ.

ಇವತ್ತು ನಮ್ಮ ಮಕ್ಕಳು ಏನು ಮಾಡಿದರು? ಮಗಳು ಏನೂ ಮಾಡಲಿಲ್ಲ. ಬೇಜಾರು ಅಂದಳು. ಆಗಲಿ ಅಂದೆ. ಒಂದಷ್ಟು ಹೊತ್ತು ಬೇಜಾರಾಗಿಯೇ ಕೂತಿದ್ದು, ಆಮೇಲೆ ಕಲ್ಲಿನ ಮೇಲೆ ಕಲ್ಲು ಇಡುತ್ತಾ ಕೂತಳು. ಚಿಕ್ಕವನು ಒಂದು ಓತಿಕ್ಯಾತದ ಹಿಂದೆ ಬಿದ್ದ. ಬಂಡೆ ಮೇಲಿನ ಜಾತಿ, ಈ ಕಾಲದಲ್ಲಿ ಗಂಡಿಗೆ ಕೆಂಪು ಕಪ್ಪು ಬಣ್ಣ ಏರಿರುತ್ತದೆ. ಅದು ತಲೆಯನ್ನೂ ಮೈಯನ್ನೂ ಮೇಲಕ್ಕೆ ಕೆಳಕ್ಕೆ ಆಡಿಸುತ್ತಿತ್ತು. ಹೆಣ್ಣನ್ನು ಕರೆಯುವುದಕ್ಕೂ ಇನ್ನೊಂದು ಗಂಡನ್ನು ಗದರಿಸುವುದಕ್ಕೂ ಅದು ಹಾಗೆ ಮಾಡುತ್ತದೆ. ಇವನೂ ಬಂಡೆ ಮೇಲೆ ಕೈಯೂರಿ ಮಲಗಿ ಹಾಗೇ ಮಾಡಿದ. ಅದು ನಿಂತು ನೋಡಿತು. ಇವನು ಇನ್ನೂ ಜೋರಾಗಿ ಮಾಡಿದ. ಎಷ್ಟೋ ಹೊತ್ತು ಇದೇ ನಡೆಯಿತು. ನನ್ನ ನಾಲಿಗೆ ತುದಿಗೆ ಸರೀಸೃಪ, ಶೀತರಕ್ತ ಎಲ್ಲಾ ಬಂದಿತ್ತು. ನುಂಗಿಕೊಂಡೆ. ವಿಜ್ಞಾನದ ಮೇಡಂ ನುಂಗಿಕೊಳ್ಳುವುದು ಸುಲಭ ಅಲ್ಲ ಸ್ವಾಮಿ.

ಅಷ್ಟರಲ್ಲಿ ಅತ್ತೆ ಕಥೆ ಶುರು ಮಾಡಿದರು. ಅವರದು ಮದ್ದೂರು ಕಡೆ. ಶಿಂಷಾ ಅವರೂರಿನ ಹೊಳೆ, ಅದರಲ್ಲೇ ಈಜು ಕಲಿತವರು. ಆ ಹೊಳೆ ಹುಟ್ಟುವುದು ಈ ಬೆಟ್ಟದ ಸಾಲಿನಲ್ಲೇ. ಇಲ್ಲೇ ಹುಟ್ಟುವ ಜಯಮಂಗಲಿ ಮಾತ್ರ ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿ ಸೇರುತ್ತದೆ. ಶಿಂಷಾ ದಕ್ಷಿಣಕ್ಕೆ ಹೋಗಿ ಮಾರ್ಕೋನಹಳ್ಳಿ, ಮದ್ದೂರು ಹಾದು ಕಾವೇರಿಗೆ. "ಒಂದೇ ತವರು, ಕೊಟ್ಟಿದ್ದು ಮಾತ್ರ ಬೇರೆ ಬೇರೆ ದಿಕ್ಕಿಗೆ" ಅಂದರು ಅತ್ತೆ. ಚಿಕ್ಕವನು ಓತಿಕ್ಯಾತ ಬಿಟ್ಟು ಬಂದು ಗಂಭೀರವಾಗಿ ಕೇಳಿದ: "ಅಜ್ಜಿ, ನಾನು ಇಲ್ಲಿ ಉಚ್ಚೆ ಮಾಡಿದ್ರೆ ಅದು ಯಾವ ಕಡೆ ಹೋಗುತ್ತೆ?"

ಜಲಾನಯನ ಪ್ರದೇಶ ಅಂತ ನಾವು ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಒದ್ದಾಡುತ್ತೇವಲ್ಲ, ಅದರ ಪ್ರಶ್ನೆ ಇದು. ಇಷ್ಟು ಚೆನ್ನಾಗಿ ನನ್ನ ಕ್ಲಾಸಿನಲ್ಲಿ ಯಾರೂ ಕೇಳಿಲ್ಲ. ಅತ್ತೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಉತ್ತರ ಗೊತ್ತಾಗಬೇಕಾದರೆ ಬೆಟ್ಟದ ಏಣು, ಅಂದರೆ ನೆತ್ತಿಯ ಅಂಚು ಎಲ್ಲಿದೆ, ಇಳಿಜಾರು ಯಾವ ಕಡೆ ಅಂತ ನೋಡಬೇಕು. ನೋಡಿಕೊಂಡು ಬರಲು ಹೊರಟೇಬಿಟ್ಟ. ಏನು ಕಲಿತೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ "ಕಷ್ಟಪಟ್ಟರೆ" ಅಂತಲೇ ಶುರು ಮಾಡುತ್ತಿದ್ದ, ಅವನಿಗೂ ಆ ಉತ್ತರ ಗೊತ್ತು.

ಗೆಳತಿಯೊಬ್ಬಳಿಗೆ ಆಗಲೇ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಹೇಳಿಕೊಡದೇ ಇದ್ರೆ ಮಕ್ಕಳಿಗೆ ಹೇಗೆ ಗೊತ್ತಾಗುತ್ತೆ ಕಣೇ? ಎಷ್ಟೋ ಜನ ಭಾನುವಾರ ಮಾಲ್‌ಗೆ ಹೋಗ್ತಾರೆ. ಇವರು ಬೆಟ್ಟಕ್ಕಾದ್ರೂ ಬಂದ್ರಲ್ಲ" ಅಂದಳು. ಬಂದರು, ಸರಿ. ಹೇಳಿಕೊಡಬೇಕಾದ್ದೂ ಇದೆ. ಮಳೆ ಬಿದ್ದ ಬಂಡೆ ಜಾರುತ್ತದೆ, ಹೆಜ್ಜೇನು ಕಟ್ಟಿದ ಕಡೆ ಕಿರುಚಬೇಡ, ಕೋತಿ ಎದುರು ಚೀಲ ಬಿಚ್ಚಬೇಡ, ಪ್ಲಾಸ್ಟಿಕ್ ಕವರ್ ಜೇಬಿನಲ್ಲಿಟ್ಟುಕೋ. ಇಷ್ಟು ಹೇಳದಿದ್ದರೆ ನೀವು ಅಪ್ಪ ಅಮ್ಮ ಅಲ್ಲ. ಆದರೆ ಕ್ಯಾಮೆರಾ ಮುಂದೆ ಮಗುವಿನ ಬಾಯಿಂದ ಸುವಿಚಾರ ಹೊರಡಿಸುವುದು ಹೇಳಿಕೊಡುವುದಲ್ಲ. ಅದರ ಜೊತೆಗೆ ಮಾಲ್ ಹೋಲಿಸಿದರೆ ಮಾಲೇ ವಾಸಿ. ಅಲ್ಲಿ ಎಸ್ಕಲೇಟರ್ ಹತ್ತಿದ ಮೇಲೆ ಏನು ಕಲಿತೆ ಅಂತ ಯಾರೂ ಕೇಳುವುದಿಲ್ಲ.

ನಮ್ಮಪ್ಪ ಬಸ್ ಕಂಡಕ್ಟರು. ವಾರದ ರಜೆ ಸಿಕ್ಕಿದ ದಿನ ಒಮ್ಮೊಮ್ಮೆ ನಮ್ಮನ್ನು ಸಿದ್ಧರ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಮೇಲೆ ಹೋಗಿ ಬುತ್ತಿ ಬಿಚ್ಚಿ ತಿಂದು, ಮರದ ಕೆಳಗೆ ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿಬಿಡುತ್ತಿದ್ದರು. ಇಡೀ ವಾರ ನಿಂತೇ ಕೆಲಸ ಮಾಡಿದ ಕಾಲುಗಳು. ನಾವು ಸುತ್ತ ಏನು ಬೇಕಾದರೂ ಮಾಡಬಹುದಿತ್ತು, ಅಮ್ಮನ ಕಣ್ಣಿಗೆ ಕಾಣುತ್ತಿದ್ದರೆ ಸಾಕು. ಬೆಟ್ಟದ ಬಗ್ಗೆ, ಬದುಕಿನ ಬಗ್ಗೆ ಅಪ್ಪ ನಮಗೆ ಒಂದೇ ಒಂದು ಮಾತು ಹೇಳಿದ್ದು ನೆನಪಿಲ್ಲ. ಗೊರಕೆ ನೆನಪಿದೆ. ಅವರು ತೀರಿಕೊಂಡ ಮೇಲೆ ನಾನೂ ತಮ್ಮನೂ ಜಾಸ್ತಿ ಮಾತಾಡಿಕೊಂಡಿದ್ದು ಆ ಗೊರಕೆಯ ಬಗ್ಗೆಯೇ.

ಇಷ್ಟು ಬರೆದದ್ದಕ್ಕೆ ಸ್ಟಾಫ್ ರೂಮಿನ ಗೆಳೆಯರು ಕಾಮೆಂಟಿನಲ್ಲಿ "ಮೇಡಂ, ಇದನ್ನೇ ಪರಿಸರ ದಿನಕ್ಕೆ ಭಾಷಣ ಮಾಡಿಸೋಣ" ಅಂತ ಬರೆಯಬೇಡಿ. ಬ್ಲಾಕ್ ಮಾಡುತ್ತೇನೆ.

ಚಿಕ್ಕವನಿಗೆ ಈಗ ಬೆಟ್ಟದ ಆ ಮಗ್ಗುಲು, ಜಯಮಂಗಲಿ ಹೊರಡುವ ಕಡೆ ನೋಡಬೇಕಂತೆ. ಮುಂದಿನ ರಜೆಗೆ ಹೋಗುತ್ತೇವೆ. ಬೆಟ್ಟದ ಬುಡದ ನೀರಿನ ಚಿಲುಮೆ, ನಾಮದ ಚಿಲುಮೆಯಲ್ಲೂ ಒಂದು ಗಂಟೆ ಕೂರುವ ಯೋಚನೆ ಇದೆ, ಜಿಂಕೆ ನೋಡಬೇಕು ಅಂತ ಮಗಳು. ತುಮಕೂರಿನವರು ಯಾರಾದರೂ ಜೊತೆಗೆ ಬರುವುದಾದರೆ ಹೇಳಿ. ಪುಳಿಯೋಗರೆ ಮಾತ್ರ ನಿಮ್ಮ ಮನೆಯಿಂದ. ಈ ಸಲ ನಾಲ್ಕೂವರೆಗೆ ಏಳುವವಳು ನಾನಲ್ಲ. ಯಜಮಾನರಿಗೂ ಹೇಳಿಯಾಗಿದೆ, "ನೋಡೋಣ" ಅಂದಿದ್ದಾರೆ.